ಐದರವರೆಗೆ ಎಣಿಸುವ ಡಬ್ಬಿ ಅಕ್ಕ

ಬೆಳಗಿನ ಐದೂವರೆ. ಬಂದೂಕು ರಿಪೇರಿ ಅಂಗಡಿಯ ಮುಂಬಾಗಿಲು ಇನ್ನೂ ತೆರೆದಿಲ್ಲ. ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅರವತ್ತೆಂಟು ವರ್ಷದ ಹೆಂಗಸೊಬ್ಬರು ಮುಕ್ಕಾಲಿಯ ಮೇಲೆ ಕೂತು ಹಳೆಯ ಬೇಟೆ ರೈಫಲ್ಲಿನ ಬೋಲ್ಟನ್ನು ಮುಂದಕ್ಕೆ ತಳ್ಳುತ್ತಾರೆ, ಹಿಂದಕ್ಕೆ ಎಳೆಯುತ್ತಾರೆ. ಮದ್ದಿಲ್ಲದ ಹಿತ್ತಾಳೆಯ ತೋಟಾವೊಂದು ಚಿಮ್ಮಿ ಗೋಣಿಚೀಲದ ಮೇಲೆ ಬೀಳುತ್ತದೆ. "ಒಂದು" ಎನ್ನುತ್ತಾರೆ. ಹೀಗೆ ಐದು. ಮತ್ತೆ ತುಂಬಿ ಐದು, ಇನ್ನೊಮ್ಮೆ ತುಂಬಿ ಐದು. ಹದಿನೈದು ಮುಗಿಯುವತನಕ, ಪತ್ರಿಕೆಗೆ ಬರೆಯಲು ಬಂದ ನಾನು ನಮಸ್ಕಾರ ಹೇಳಿದ್ದು ಅವರ ಕಿವಿಗೆ ಬೀಳುವುದೇ ಇಲ್ಲ.

"ಬೆಳಕಾದ್ಮೇಲೆ ಬೀದಿ ಗಲಾಟೆ ಶುರುವಾಗುತ್ತೆ. ಆಮೇಲೆ ಸ್ಪ್ರಿಂಗು ಏನ್ ಹೇಳ್ತಿದೆ ಅಂತ ಕೇಳ್ಸಲ್ಲ" ಎನ್ನುತ್ತಾರೆ, ಕೊನೆಗೂ ನನ್ನತ್ತ ತಿರುಗಿ.

ಬೀದಿಗೆಲ್ಲ ಇವರು ಡಬ್ಬಿ ಅಕ್ಕ. ಹೊಸಬರು ಊಟದ ಡಬ್ಬಿ ಕಟ್ಟಿಕೊಡುವವರಿರಬೇಕು ಎಂದುಕೊಂಡು ಮಧ್ಯಾಹ್ನದ ಹೊತ್ತಿಗೆ ವಿಚಾರಿಸಲು ಬಂದದ್ದೂ ಉಂಟು. ಇವರ ಡಬ್ಬಿಯೇ ಬೇರೆ. ರೈಫಲ್ಲಿನ ಹೊಟ್ಟೆಯೊಳಗೆ ತೋಟಾಗಳನ್ನು ಇಟ್ಟುಕೊಳ್ಳುವ ಮ್ಯಾಗಜೀನಿಗೆ ಈ ಅಂಗಡಿಯಲ್ಲಿ ಮೂರು ತಲೆಮಾರಿನಿಂದ ಡಬ್ಬಿ ಎಂದೇ ಹೆಸರು.

ಬಿಚ್ಚಿದರೆ ಒಳಗಿರುವುದು ಇಷ್ಟೇ. ಕೆಳಗೊಂದು ಮುಚ್ಚಳ, ಅದರ ಮೇಲೆ ಮಡಿಮಡಿಯಾಗಿ ಬಾಗಿದ ಉಕ್ಕಿನ ಪಟ್ಟಿಯ ಸ್ಪ್ರಿಂಗು, ಸ್ಪ್ರಿಂಗಿನ ತಲೆಯ ಮೇಲೆ ಒಂದು ತಟ್ಟೆ. ತೋಟಾಗಳು ತಟ್ಟೆಯ ಮೇಲೆ ಒಂದು ಎಡಕ್ಕೆ, ಒಂದು ಬಲಕ್ಕೆ ಒತ್ತಿಕೊಂಡು ಮಲಗುತ್ತವೆ. ಸ್ಪ್ರಿಂಗು ಕೆಳಗಿನಿಂದ ದೂಡುತ್ತಿರುತ್ತದೆ, ಡಬ್ಬಿಯ ಬಾಯಿಯ ಎರಡು ಅಂಚುಗಳು ಮೇಲಿನದನ್ನು ತಡೆದಿರುತ್ತವೆ. ಬೋಲ್ಟು ಹಿಂದೆ ಸರಿದಾಗ ಒಂದು ಮೇಲೇಳುತ್ತದೆ, ಮುಂದೆ ಬಂದಾಗ ಅದನ್ನೇ ನಳಿಗೆಗೆ ನೂಕುತ್ತದೆ. "ಮನೇಲಿ ಊಟಕ್ಕೆ ಬಡಿಸಿದ್ಹಾಗೆ. ಒಬ್ಬರು ಎದ್ರೆ ಇನ್ನೊಬ್ಬರು ಕೂರಬೇಕು. ಮಧ್ಯೆ ಯಾರೂ ಮುನಿಸ್ಕೋಬಾರ್ದು" ಎಂದು ನಗುತ್ತಾರೆ.

ಹದಿಮೂರನೆಯ ವಯಸ್ಸಿನಲ್ಲಿ ಅಪ್ಪನ ಪಕ್ಕ ಕೂತವರು ಇವರು. ಅಣ್ಣನಿಗೆ ನಳಿಗೆ, ಮರದ ಹಿಡಿ, ಗಿರಾಕಿಗಳ ಜೊತೆಗಿನ ಹರಟೆ. ತಂಗಿಗೆ ಡಬ್ಬಿ. ಪಟ್ಟಿಯನ್ನು ಕಾಯಿಸಿ, ಅಗಸೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡುವಾಗ ಉಕ್ಕಿನ ಮೇಲೆ ನೀಲಿ ಹರಿಯುವ ಗಳಿಗೆಯನ್ನು ಹಿಡಿಯುವುದು ಅಪ್ಪ ಕಲಿಸಿದ ವಿದ್ಯೆ. ಆಗ ಬೇಟೆಯ ಕಾಲ ಬಂತೆಂದರೆ ಈ ಗೋಡೆಗೆ ಛತ್ರಿಗಳ ಹಾಗೆ ರೈಫಲ್ಲುಗಳು ಸಾಲಾಗಿ ಒರಗಿರುತ್ತಿದ್ದವಂತೆ. ದಿನಕ್ಕೆ ಮೂರು ಡಬ್ಬಿ. ಈಗ ವಾರಕ್ಕೆ ಎರಡು ಬಂದರೆ ಹೆಚ್ಚು. "ಈಗಿನವು ಪ್ಲಾಸ್ಟಿಕ್ಕು. ಕೆಟ್ಟರೆ ಬಿಸಾಕ್ತಾರೆ. ತಪ್ಪೇನಿಲ್ಲ ಬಿಡಿ. ಆದರೂ ಆ ಅಗಸೆ ಎಣ್ಣೆ ವಾಸನೆ ಬಂದ್ರೆ ಅಪ್ಪ ಈಗ ಒಳಗೆ ಬರ್ತಾರೆ ಅನ್ಸುತ್ತೆ." ಹೇಳುತ್ತಲೇ ಬಾಗಿಲ ಕಡೆ ನೋಡುತ್ತಾರೆ. ನಾನೂ ನೋಡುತ್ತೇನೆ, ಯಾಕೋ ಗೊತ್ತಿಲ್ಲ.

ಅಂಗಡಿಯ ಫಲಕದಲ್ಲಿ ಅಣ್ಣನ ಹೆಸರಿದೆ. ಎಲೆಮರೆಯ ಕಾಯಿ ಎಂದು ನಾವು ಬರೆದುಬಿಡುವುದು ಸುಲಭ. ಇವರ ವಿಷಯದಲ್ಲಿ ಆ ಎಲೆಯ ಮರೆ ಒಂದು ಸಲ ಆಶ್ರಯವೂ ಆಗಿತ್ತು.

ನಲವತ್ತೊಂದು ವರ್ಷದ ಹಿಂದಿನ ಮಾತು. ಸ್ಪ್ರಿಂಗಿನ ಒಂದು ತುದಿ ಕಿರಿದು, ಇನ್ನೊಂದು ಅಗಲ. ಕಿರಿದು ತಟ್ಟೆಗೆ, ಅಗಲದ್ದು ಮುಚ್ಚಳಕ್ಕೆ. ರಿಪೇರಿಗೆ ಬಂದ ಒಂದು ರೈಫಲ್ಲಿನಲ್ಲಿ ಇವರ ಅವಸರದಿಂದ ಅದು ಅದಲುಬದಲಾಯಿತು. ಹೀಗಾದಾಗ ಡಬ್ಬಿ ತುಂಬಿರುವಾಗ ಏನೂ ತಿಳಿಯುವುದಿಲ್ಲ. ತೋಟಾಗಳು ಕಡಿಮೆಯಾಗುತ್ತ ಬಂದಂತೆ ತಟ್ಟೆ ಓರೆಯಾಗುತ್ತದೆ. "ಮೂರು ಸರಿಯಾಗಿ ಬಂತು. ಅಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ತಿದೆ ಅಂತ ಅಮ್ಮ ಕೂಗಿದ್ರು. ಉಳಿದೆರಡು ನೋಡ್ದೇ ಎದ್ದುಬಿಟ್ಟೆ."

ಆ ರೈಫಲ್ಲಿನ ಯಜಮಾನರು ಹೊಲಕ್ಕೆ ನುಗ್ಗಿದ್ದ ಕಾಡುಹಂದಿಯ ಎದುರು ನಿಂತಾಗ ಮೂರು ಗುಂಡು ಹಾರಿದವು. ನಾಲ್ಕನೆಯದು ಮೇಲೇಳಲಿಲ್ಲ. ಬೋಲ್ಟು ಅದರ ತಲೆ ಸವರಿಕೊಂಡು ಖಾಲಿ ನಳಿಗೆಯನ್ನು ಮುಚ್ಚಿತು. ಹಂದಿ ಅವರ ಬಲಗಾಲನ್ನು ಸೀಳಿತು. ಅಂದಿನಿಂದ ಅವರಿಗೆ ಊರುಗೋಲು. ಆಸ್ಪತ್ರೆಗೆ ಹೋಗಿ "ನನ್ನ ಕೈತಪ್ಪು" ಎಂದು ಕೈಮುಗಿದದ್ದು ಅಣ್ಣ. ತಂಗಿ ಬಾಯಿ ಬಿಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಮ್ಮ ನಿಜ ಹೇಳಗೊಡಲಿಲ್ಲ.

ಈ ಬೆಳಿಗ್ಗೆ ಡಬ್ಬಿ ಅಕ್ಕನ ಮಡಿಲಲ್ಲಿರುವುದು ಅದೇ ರೈಫಲ್ಲು. ಯಜಮಾನರಿಗೀಗ ಎಪ್ಪತ್ತೊಂಬತ್ತು. ಬಂದೂಕನ್ನು ಮೊಮ್ಮಗಳ ಲೈಸೆನ್ಸಿಗೆ ದಾಟಿಸಿದ್ದಾರೆ, ಹತ್ತು ಗಂಟೆಗೆ ಒಯ್ಯಲು ಬರುತ್ತಾರೆ. ಇನ್ನು ಈ ಅಂಗಡಿಗೆ ಅವರು ಬರುವ ಕಾರಣವಿಲ್ಲ. "ಇವತ್ತು ಹೇಳ್ದಿದ್ರೆ ಇನ್ಯಾವತ್ತೂ ಹೇಳಲ್ಲ. ಈ ಮುಳ್ಳು ಗಂಟಲಲ್ಲೇ ಇರುತ್ತೆ" ಎನ್ನುತ್ತಾರೆ ಡಬ್ಬಿ ಅಕ್ಕ. ಐದು ತೋಟಾಗಳನ್ನು ಮತ್ತೆ ತುಂಬುತ್ತಾರೆ. ಇದು ನಾಲ್ಕನೆಯ ಸುತ್ತು, ಬೇಕಿರಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕೋಲಿನ ಸದ್ದು. ಯಜಮಾನರು ಹೊರಗಿನ ಬೆಂಚಿನ ಮೇಲೆ ತಮ್ಮ ಮಾಮೂಲು ಜಾಗದಲ್ಲಿ ಕೂರುತ್ತಾರೆ. ಜೊತೆಗೆ ಮೊಮ್ಮಗಳು, ಇಪ್ಪತ್ತೈದರ ಗಟ್ಟಿ ಹುಡುಗಿ. ಡಬ್ಬಿ ಅಕ್ಕ ರೈಫಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬರುತ್ತಾರೆ. ಗಿರಾಕಿಗಳಿರುವಾಗ ಅವರು ಹೊಸ್ತಿಲು ದಾಟಿದ್ದನ್ನು ತಾನು ನೋಡಿಯೇ ಇಲ್ಲ ಎಂದು ಅಣ್ಣ ಆಮೇಲೆ ನನಗೆ ಹೇಳಿದರು.

"ಯಜಮಾನ್ರೇ, ಆವತ್ತು ಸ್ಪ್ರಿಂಗು ಹಾಕಿದ್ದು ನಾನು. ಅಣ್ಣ ಅಲ್ಲ."

ಅಣ್ಣ ಕನ್ನಡಕ ತೆಗೆದು ಒರೆಸತೊಡಗುತ್ತಾರೆ. ಯಜಮಾನರು ಮಾತ್ರ ಕೋಲಿನ ಮೇಲೆ ಗಲ್ಲ ಊರಿಕೊಂಡು ಹಾಗೇ ಕೂತಿದ್ದಾರೆ.

"ಗೊತ್ತಮ್ಮ. ನಿಮ್ಮಣ್ಣ ಆಸ್ಪತ್ರೇಲಿ 'ನನ್ನ ಕೈತಪ್ಪು' ಅಂದಾಗ ಸುಮ್ನೆ ತಲೆ ಆಡಿಸ್ದೆ. ಇವನಿಗೆ ಸ್ಪ್ರಿಂಗು ಹಾಕೋಕೆ ಬರಲ್ಲ ಅಂತ ಊರಿಗೇ ಗೊತ್ತು."

"ಮತ್ತೆ ಯಾಕೆ ಇಲ್ಲಿಗೇ ಬರ್ತಿದ್ರಿ?" ಎಂದು ಕೇಳುತ್ತಾರೆ ಡಬ್ಬಿ ಅಕ್ಕ.

"ಮೊದಮೊದಲು ಸಿಟ್ಟಿತ್ತು. ಬೇರೆ ಅಂಗಡಿಗೂ ಹೋದೆ. ಅವರು ಎರಡು ಸಲ ಎಳೆದು ಕೊಟ್ಟುಬಿಡ್ತಿದ್ರು. ಇಲ್ಲಿ ಬೆಳಕಾಗೋ ಮುಂಚೆ ಬಂದು ಈ ಬೆಂಚಿನ ಮೇಲೆ ಕೂತರೆ ಒಳಗಿಂದ ನೀನು ಎಣಿಸೋದು ಕೇಳ್ತಿತ್ತು. ಐದರವರೆಗೆ, ಮೂರು ಸಲ. ಆಮೇಲೆ ನಾನು ಇನ್ನೆಲ್ಲಿಗೆ ಹೋಗ್ಲಿ ಹೇಳು?"

ಡಬ್ಬಿ ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡುವುದೇಕೆ. ಆಮೇಲೆ ಅವರು ಹುಡುಗಿಯನ್ನು ಒಳಗೆ ಕರೆದು, ಡಬ್ಬಿ ಬಿಚ್ಚಿ, ಸ್ಪ್ರಿಂಗಿನ ಕಿರಿದಾದ ತುದಿಯನ್ನು ಅವಳ ಬೆರಳಿಗೆ ಮುಟ್ಟಿಸಿ ತೋರಿಸುತ್ತಾರೆ. ಜೋಡಿಸಿ, ಅವಳ ಕೈಯಲ್ಲೇ ಬೋಲ್ಟು ಎಳೆಸಿ ಐದರವರೆಗೆ ಎಣಿಸುತ್ತಾರೆ. ಹೊರಗೆ ಯಜಮಾನರ ತುಟಿಯೂ ಜೊತೆಗೇ ಅಲ್ಲಾಡುತ್ತದೆ.

ಅವರು ಹೋದಮೇಲೆ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪತ್ರಿಕೆಯವರು ಕೇಳಲೇಬೇಕಾದ ಪ್ರಶ್ನೆ. ಅವರು ಹಿತ್ತಾಳೆಯ ತೋಟಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕುತ್ತ ಹೇಳುತ್ತಾರೆ:

"ಆ ಹುಡುಗಿ ಯಾವತ್ತೂ ನಾಲ್ಕನೇದರ ಬಗ್ಗೆ ಯೋಚನೆ ಮಾಡೋ ಹಾಗಾಗಬಾರ್ದು. ಅದನ್ನ ಯೋಚನೆ ಮಾಡೋಕೆ ನಾನಿದ್ದೀನಲ್ಲ."