ಅಪರಾಜಿತೆ ಎಂದು ಬರೆದ ಬ್ಯಾನರು

ನಮ್ಮ ಎದುರುಮನೆಯ ಮಹಡಿಯ ತಂತಿಯಲ್ಲಿ ಸೀರೆ, ಲುಂಗಿ, ದಿಂಬಿನ ಚೀಲಗಳ ನಡುವೆ ಎರಡು ಉದ್ದನೆಯ ಕೆಂಪು ಪಟ್ಟಿಗಳು ದಿನವೂ ತೂಗಾಡುತ್ತಿದ್ದವು. ಮೊದಲ ಸಲ ಕಂಡಾಗ, ಆ ಮನೆಯಲ್ಲಿ ಯಾರದೋ ಕೈಕಾಲು ಮುರಿದಿರಬೇಕೆಂದು ತರ್ಕಿಸಿ, ಮೂಸಂಬಿಯ ಚೀಲ ಹಿಡಿದು ಯೋಗಕ್ಷೇಮ ವಿಚಾರಿಸಲು ಹೋದ ಮಹಾನುಭಾವ ನಾನು. ಅವು ಬಾಕ್ಸಿಂಗ್ ಗ್ಲೌಸಿನೊಳಗೆ ಕೈಗೆ ಸುತ್ತಿಕೊಳ್ಳುವ ಪಟ್ಟಿಗಳೆಂದೂ, ಸುತ್ತಿಕೊಳ್ಳುವವಳು ಆ ಮನೆಯ ಮಗಳು ಪವಿತ್ರಾ ಎಂದೂ ಆಗ ತಿಳಿಯಿತು. ಮೂಸಂಬಿಯನ್ನು ಅವಳೇ ತಿಂದಳು.

ರಾಮನಗರದಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಮುಷ್ಟಿಯುದ್ಧವೆಂದರೆ ಪುರಾಣದ ವಿಷಯ. ಆದರೆ ಮಾಡಲು ಕೆಲಸವಿಲ್ಲದ ಮೇಷ್ಟ್ರನ್ನು ಊರು ಯಾವುದಾದರೊಂದು ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿಯೇ ತೀರುತ್ತದೆ. ಹಾಗೆ ನಾನು ಜಿಲ್ಲೆಯ ಬಾಕ್ಸಿಂಗ್ ಪಂದ್ಯದ ಸಮಿತಿಗೆ ಅಧ್ಯಕ್ಷನಾದೆ. ಪವಿತ್ರಾ ಅದುವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಅವಳ ತಂದೆ ಪುಟ್ಟಸ್ವಾಮಿ, ರೇಷ್ಮೆಗೂಡು ಮಾರಲು ಮಾರುಕಟ್ಟೆಗೆ ಹೋದಾಗಲೆಲ್ಲ, ಗೂಡಿನ ಗುಣಕ್ಕಿಂತ ಮೊದಲು ಮಗಳ ಗೆಲುವನ್ನೇ ಬಣ್ಣಿಸುತ್ತಿದ್ದರು. ಚನ್ನಪಟ್ಟಣದಲ್ಲಿಯೂ ಶಾಹೀನಾ ಎಂಬ ಹುಡುಗಿ ಸೋಲನ್ನೇ ಕಂಡಿಲ್ಲವೆಂಬ ಸುದ್ದಿ ಬಂತು. ಮನೆಯಲ್ಲಿ ತಂದೆಯೊಂದಿಗೆ ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚುವವಳು, ಗೆದ್ದದ್ದೆಲ್ಲ ಸಣ್ಣಪುಟ್ಟ ಕಡೆ ಎಂದು ನಮ್ಮವರು ಆಕೆಯನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಮೈದಾನ ತುಂಬುತ್ತದೆಂಬ ದಿವ್ಯ ಆಲೋಚನೆ ಮಾತ್ರ ನನ್ನದೇ.

ಪವಿತ್ರಾಳಿಗೆ ಕಲಿಸುತ್ತಿದ್ದ ಬಸವರಾಜು ಇದಕ್ಕೆ ಒಪ್ಪಲಿಲ್ಲ. ಮೊದಲು ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಾಣಿಕೆ ಮಾಡುತ್ತಿದ್ದ ಮನುಷ್ಯ. ಮುಚ್ಚಿಹೋದ ಅದೇ ಶೆಡ್ಡಿನಲ್ಲಿ ಈಗ ಚೀಲ ತೂಗುಹಾಕಿ ಮಕ್ಕಳಿಗೆ ಗುದ್ದು ಕಲಿಸುತ್ತಾನೆ. ಆತ ನನ್ನ ಜಗುಲಿಯ ಮೇಲೆ ಕೂತು ಸಮಾಧಾನವಾಗಿಯೇ ಹೇಳಿದ.

"ಬ್ಯಾಡಿ ಮೇಷ್ಟ್ರೇ. ಸರಿಯಾಗಿ ಬೇಯ್ದೆ ಇರೋ ಗೂಡಿಂದ ಎಳೆ ಎಳುದ್ರೆ ಕಿತ್ತೋಯ್ತದೆ. ಈ ಮಕ್ಳು ಒಂದ್ಸಲ ಯಾವ್ದಾದ್ರೂ ಚಿಕ್ಕ ಜಾಗದಲ್ಲಿ ಸೋಲ್ಲಿ. ಮೊದಲ್ನೇ ಸೋಲೇ ಊರ್ ಮುಂದೆ ಆಗ್ಬುಟ್ರೆ ಎದ್ದೇಳದು ಕಷ್ಟ."

ತನ್ನ ಶಿಷ್ಯೆಯೇ ಸೋಲಲಿ ಎನ್ನುವ ಗುರುವನ್ನು ನಾನು ಎಲ್ಲಿಯೂ ಕಂಡಿರಲಿಲ್ಲವಾದ್ದರಿಂದ, ಇದು ಅವನ ಅಳುಕೆಂದು ಭಾವಿಸಿ, ಪುಟ್ಟಸ್ವಾಮಿಯವರ ಉತ್ಸಾಹವನ್ನು ಬೆನ್ನಿಗಿಟ್ಟುಕೊಂಡು ಅವನನ್ನು ಒಪ್ಪಿಸಿಬಿಟ್ಟೆ. ಅಷ್ಟಕ್ಕೇ ನಿಲ್ಲದೆ, ವಿಶೇಷಣಗಳ ಮೋಹಕ್ಕೆ ಬಿದ್ದ ಹಳೆಯ ರೋಗಿಯಾದ ನಾನು ಬ್ಯಾನರನ್ನೂ ಬರೆದುಕೊಟ್ಟೆ. ಪವಿತ್ರಾಳ ಆಳೆತ್ತರದ ಚಿತ್ರ, ಅದರ ಮೇಲೆ 'ಅಪರಾಜಿತೆ' ಎಂಬ ಕೆಂಪಕ್ಷರ. ರೈಲು ನಿಲ್ದಾಣದ ರಸ್ತೆಯಲ್ಲಿ ಕಟ್ಟಿದ ದಿನ ಆ ಪದದ ಗಾಂಭೀರ್ಯಕ್ಕೆ ನಾನೇ ತಲೆದೂಗಿದೆ.

ಪಂದ್ಯದ ಸಂಜೆ ಮೈದಾನ ತುಂಬಿತು. ಕನಕಪುರ, ಮಾಗಡಿಗಳಿಂದಲೂ ಜನ ಬಂದಿದ್ದರು. ಪುಟ್ಟಸ್ವಾಮಿ ಮೈಸೂರುಪಾಕಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಗಂಟೆ ಬಾರಿಸಿದೊಡನೆ ಪವಿತ್ರಾ ಎಂದಿನಂತೆ ನುಗ್ಗಿದಳು. ಶಾಹೀನಾ ನುಗ್ಗಲೇ ಇಲ್ಲ. ಬೊಂಬೆ ಮಾಡುವಾಗ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಅವಸರದಿಂದ ಒತ್ತಿದರೆ ಬಣ್ಣ ಕೂರುವುದಿಲ್ಲವಂತೆ, ಮರ ಬಿಸಿಯೇರುವವರೆಗೆ ಕಾಯಬೇಕಂತೆ. ಆ ಹುಡುಗಿ ಹಾಗೆಯೇ ಕಾದಳು. ಎರಡನೆಯ ಸುತ್ತಿನಲ್ಲಿ ಪವಿತ್ರಾಳ ಕೈ ಒಂದು ಕ್ಷಣ ಕೆಳಗಿಳಿಯಿತು. ನೇರವಾದ ಒಂದು ಎಡಗೈ ಗುದ್ದು, ಹಿಂದೆಯೇ ಇನ್ನೊಂದು. ಪವಿತ್ರಾ ಮಂಡಿಯೂರಿದಳು, ಎದ್ದಳು, ಮತ್ತೆ ಕುಸಿದಳು. ರೆಫರಿ ಎರಡೂ ಕೈ ಬೀಸಿ ಆಟ ನಿಲ್ಲಿಸಿದರು. ಗ್ಲೌಸು ಬಿಚ್ಚಿದ ಅವಳು ಕೈಪಟ್ಟಿಯಿಂದಲೇ ಮೂಗಿನ ರಕ್ತ ಒರೆಸಿಕೊಂಡು, ಅಪ್ಪನ ಕಡೆ ನೋಡದೆ ಇಳಿದು ಹೋದಳು. ಡಬ್ಬ ತೆರೆಯಲೇ ಇಲ್ಲ.

ಮರುದಿನದಿಂದ ನನ್ನ ಪಾಲಿಗೆ ಆ ತಂತಿ ಬರಿದಾಯಿತು. ಒಂದು ವಾರವಾಯಿತು, ಮೂರು ವಾರವಾಯಿತು. ಸೀರೆ ಬಂದವು, ಲುಂಗಿ ಬಂದವು, ಕೆಂಪು ಪಟ್ಟಿಗಳು ಬರಲಿಲ್ಲ. ಬಸವರಾಜು ಶೆಡ್ಡಿನಲ್ಲಿ ಕಾದು ಕಾದು ಸುಮ್ಮನಾದ. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಹೇಳಿದ್ದು ಬೇರೆ. ಸೋಲದವರೆಂಬ ಆ ಭಾರ ಎಲ್ಲಿಗೂ ಹೋಗಿಲ್ಲ, ಈಗ ಚನ್ನಪಟ್ಟಣದ ಮಗುವಿನ ತಲೆ ಮೇಲೆ ಇಮ್ಮಡಿಯಾಗಿ ಕೂತಿದೆ, ಅದನ್ನೂ ಯೋಚನೆ ಮಾಡಿ ಎಂದ. ಒಂದೇ ಸಂಜೆಯಲ್ಲಿ ಇಬ್ಬರು ಮಕ್ಕಳಿಗೆ ಅಪಕಾರ ಮಾಡಿದ್ದೇನೆಂಬುದು ನನಗೆ ಅರಿವಾದದ್ದು ಆಗಲೇ. ನಾಚಿಕೆಯಾಯಿತು, ದುಃಖವೂ ಆಯಿತು.

ಕ್ಷಮೆ ಕೇಳಲು ಎದುರುಮನೆಗೆ ಹೋದೆ. ಈ ಸಲವೂ ಮೂಸಂಬಿ ಒಯ್ದಿದ್ದೆ. ನನ್ನ ಕಲ್ಪನಾಶಕ್ತಿಯ ಮಿತಿ ಅಷ್ಟೇ. ಸೋಲು ಗೆಲುವುಗಳ ಕುರಿತು ಸಿದ್ಧಪಡಿಸಿಕೊಂಡಿದ್ದ ಉಪನ್ಯಾಸವನ್ನು ಆರಂಭಿಸುವಷ್ಟರಲ್ಲಿ ಪವಿತ್ರಾ ನನ್ನನ್ನು ತಡೆದಳು.

"ಸೋತಿದ್ದಕ್ಕೆ ಬ್ಯಾಜಾರಿಲ್ಲ ಸಾರ್, ಅವ್ಳು ಚೆನ್ನಾಗೇ ಆಡುದ್ಲು. ಆದ್ರೆ ಬೆಳಿಗ್ಗೆ ಓಡಕ್ ಹೋಗೋದು ಸ್ಟೇಷನ್ ರಸ್ತೇಲೇ. ನಿಮ್ ಬ್ಯಾನರ್ ಇನ್ನೂ ಅಲ್ಲೇ ಐತೆ. ಅದ್ರ ಕೆಳಗೆ ಹೆಂಗೆ ಓಡ್ಲಿ?"

ಪಂದ್ಯ ಮುಗಿದ ಮೇಲೆ ಬ್ಯಾನರು ಬಿಚ್ಚುವುದು ಯಾರ ಕೆಲಸವೂ ಅಲ್ಲ ಎಂಬುದು ನಮ್ಮ ಕಡೆಯ ಅಲಿಖಿತ ನಿಯಮ. ಮುಂದಿನ ಹುಟ್ಟುಹಬ್ಬದವರು ಅದರ ಮೇಲೆಯೇ ತಮ್ಮದನ್ನು ಕಟ್ಟುತ್ತಾರೆ. ನಾನು ನೇರವಾಗಿ ನಿಲ್ದಾಣದ ರಸ್ತೆಗೆ ಹೋಗಿ, ಬ್ಯಾನರಿನ ಪಕ್ಕದ ಸೈಕಲ್ ಅಂಗಡಿಯವರಲ್ಲಿ ಏಣಿ ಬೇಡಿದೆ. ಅರವತ್ತೈದರ ಮಂಡಿಗಳು ಒಂದೊಂದು ಮೆಟ್ಟಿಲಿಗೂ ಆಕ್ಷೇಪಣೆ ಎತ್ತಿದವು. ಏಣಿಯ ಕಾಲು ಹಿಡಿಯಲು ಯಾರೋ ಬಂದರು. ಬಗ್ಗಿ ನೋಡಿದರೆ ಪುಟ್ಟಸ್ವಾಮಿ. ಕೆಳಗಿಳಿಸಿದ ಬ್ಯಾನರನ್ನು ಅವರು ಮಗಳ ಮುಖ ಒಳಗೆ ಬರುವಂತೆ ಮೆಲ್ಲನೆ ಮಡಿಸಿ ಕಂಕುಳಲ್ಲಿಟ್ಟುಕೊಂಡರು.

ಪವಿತ್ರಾಳ ಮುಂದಿನ ಪಂದ್ಯ ಕನಕಪುರದಲ್ಲಿ. ಸಣ್ಣ ಸಭಾಂಗಣ, ಹಿಂದೆ ಸೋತೂ ಗೆದ್ದೂ ಇರುವ ಅನುಭವದ ಎದುರಾಳಿ. ಈ ಸಲ ಜೋಡಿ ಕೂಡಿಸಿದ್ದು ಬಸವರಾಜು. ಬ್ಯಾನರಿಗೆ ಒಕ್ಕಣೆ ಬೇಕೆಂದು ಸಮಿತಿಯವರು ನನ್ನ ಬಳಿಗೇ ಬಂದರು. ಇಬ್ಬರ ಹೆಸರು, ಊರು, ಹೊತ್ತು ಬರೆದು ಲೇಖನಿ ಮುಚ್ಚಿದೆ. ಇಷ್ಟೇನಾ ಎಂದರು, ಇಷ್ಟೇ ಎಂದೆ.

ಇವತ್ತು ಬೆಳಿಗ್ಗೆ ಕಿಟಕಿ ತೆರೆದರೆ ತಂತಿಯಲ್ಲಿ ಕೆಂಪು ಪಟ್ಟಿಗಳಿದ್ದವು. ಹೊಸವಲ್ಲ, ಅವೇ. ಒಂದರ ತುದಿಯಲ್ಲಿ, ಎಷ್ಟು ಒಗೆದರೂ ಹೋಗದ ಕಂದು ಕಲೆಯೊಂದು ಬಿಸಿಲಿಗೆ ಮುಖಮಾಡಿಕೊಂಡು ಒಣಗುತ್ತಿತ್ತು.