ಬಾಯಾರಿದ ಜೋಳಕ್ಕೆ ಒಂದು ತಂಬಿಗೆ ನೀರು

ಹೈದರಾಬಾದ್ ಇನ್ನೂ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ, ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಎಸ್ಸೆಸ್ಸೆಲ್ಸಿಯಷ್ಟೇ ಓದಿದ್ದ, ನಲವತ್ತು ದಾಟಿದ್ದ ನಾನು ಅಲ್ಲಿನ ಬೆಳೆ ಸಂಶೋಧನಾ ಕೇಂದ್ರವೊಂದರಲ್ಲಿ ಸಹಾಯಕನಾಗಿದ್ದೆ. ನಾನು ವಾಸವಿದ್ದ ಕುಷಾಯಿಗೂಡದಿಂದ ಬಸ್ಸಿನಲ್ಲಿ ಹೋಗಿ ಹಸಿರುಮನೆಯ ಕುಂಡಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಗುಲ್ಬರ್ಗದ ಸುಜಾತಾ ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನೀರಿಲ್ಲದಾಗ ಜೋಳದ ಗಿಡದೊಳಗೆ ಯಾವ ಜೀನ್‌ಗಳು ಎಚ್ಚರಗೊಳ್ಳುತ್ತವೆ ಎಂಬುದು ಅವಳ ಅಧ್ಯಯನ. ಹೋಲಿಕೆಗೆಂದು ದಿನವೂ ನೀರುಣ್ಣುವ ಕುಂಡಗಳು ಪಕ್ಕದಲ್ಲಿದ್ದವು; ಇಪ್ಪತ್ತು ಕುಂಡಗಳಿಗೆ ಮಾತ್ರ ಹತ್ತು ದಿನ ಹನಿ ನೀರೂ ಹಾಕುವಂತಿರಲಿಲ್ಲ. ದಿನವೂ ಅವನ್ನು ತೂಗಿ ನಾನು ಬರೆದಿಡಬೇಕಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿದೆ. ಕೈಯಲ್ಲಿ ಜೋಳದ ರೊಟ್ಟಿ. ಎದುರಿಗೆ ಎಲೆ ಸುರುಳಿ ಸುತ್ತಿಕೊಂಡು ನಿಂತ ಜೋಳದ ಗಿಡಗಳು. ಬಾಯಾರಿದ ಗಿಡದ ಮುಂದೆ ಉಣ್ಣಬಾರದೆಂದು ನಮ್ಮವ್ವ ಕಲಿಸಿದ್ದಳು. ತುತ್ತು ಇಳಿಯಲಿಲ್ಲ. ಎದ್ದು ಒಂದೊಂದು ಕುಂಡಕ್ಕೂ ಒಂದು ತಂಬಿಗೆ ನೀರು ಹಾಕಿಬಿಟ್ಟೆ. ಸಂಜೆ ತೂಕ ಏರಿತ್ತು. ಹೆದರಿ ಪುಸ್ತಕದಲ್ಲಿ ಹಿಂದಿನ ದಿನಕ್ಕಿಂತ ತುಸು ಕಡಿಮೆ ಬರೆದೆ.

ಮರುದಿನ ಎಲೆ ಕತ್ತರಿಸಲು ಬಂದ ಸುಜಾತಾ, "ಎಲಿ ಬಿಚ್ಚ್ಯಾವಲ್ಲ ಕಾಕಾ?" ಎಂದಳು.

"ಮುಂಜಾನಿ ತಂಪಿಗೆ ಇರಬೇಕವ್ವಾ" ಎಂದೆ.

ಪರೀಕ್ಷೆಯಲ್ಲಿ ಆ ಗಿಡಗಳಿಗೂ ನೀರುಂಡ ಗಿಡಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಎಲೆಗಳನ್ನು ಅದಲುಬದಲು ಮಾಡಿದ್ದೀಯ ಎಂದು ಅವಳ ಗೈಡ್ ಎಲ್ಲರೆದುರು ಬೈದರು. ಉಳಿದ ಎಲೆಯಲ್ಲೇ ಅವಳು ಮೂರು ಸಲ ಪರೀಕ್ಷೆ ಮಾಡಿದಳು. ಫಲ ಅದೇ. ಕ್ಯಾಂಟೀನಿನಲ್ಲಿ ಬೆರಳು ಚಾಚಿ ನೋಡಿಕೊಳ್ಳುತ್ತ, "ನನ್ನ ಕೈಯಾಗ ಏನೋ ದೋಷ ಐತಿ ಕಾಕಾ" ಎಂದಳು. ನಾನು ಚಹಾ ಕುಡಿಯುತ್ತಲೇ ಇದ್ದೆ.

ಹದಿನೈದು ದಿನಗಳ ಮೇಲೆ ಅವಳು ಓದು ಬಿಟ್ಟು ಊರಿಗೆ ಹೋಗಿಬಿಡಲು ಪುಸ್ತಕ ಕಟ್ಟುತ್ತಿರುವುದನ್ನು ಕಂಡೆ. ತೂಕದ ಪುಸ್ತಕವನ್ನು ಅವಳ ಮುಂದಿಟ್ಟೆ. "ಈ ಕಡೀ ಅಂಕಿ ಸುಳ್ಳವ್ವಾ. ನಾನ ನೀರ ಹಾಕೀನಿ."

ಬೈಯುತ್ತಾಳೆ ಎಂದುಕೊಂಡಿದ್ದೆ. ಆ ಅಂಕಿಯ ಮೇಲೆ ಬೆರಳಿಟ್ಟು, "ಎಷ್ಟೊತ್ತಿಗೆ ಹಾಕಿದ್ರಿ?" ಎಂದಳು.

"ನೀವು ಎಲಿ ಕತ್ತರಿಸೂ ಹಿಂದಿನ ದಿನ, ಮಧ್ಯಾಹ್ನ ಒಂದ್ ಗಂಟೆಕ್ಕ."

"ಅಂದ್ರ ನೀರು ಸಿಗೂದ ತಡ, ಎದ್ದಿದ್ದ ಜೀನ್ ಮತ್ತ ಮಲಗ್ಯಾವ. ನನ್ನ ಕೈ ಸರಿ ಅದಾವ!" ನಗುತ್ತಲೇ ಅತ್ತಳು. "ಎಲಿ ಸುತ್ತಿದ್ದು ಸಾಯಾಕಲ್ಲ ಕಾಕಾ, ಗಿಡ ಬದುಕಾಕ ತಯಾರಿ ನಡಸಿತ್ತು."

ಗೈಡ್ ಮುಂದೆಯೂ ತಪ್ಪೊಪ್ಪಿಕೊಂಡೆ. ಅವಳಿಗೆ ಇನ್ನೊಮ್ಮೆ ಗಿಡ ಬೆಳೆಸಲು ಒಪ್ಪಿಗೆ ಸಿಕ್ಕಿತು. ಈ ಸಲವೂ ತೂಗುವ ಕೆಲಸ ನನಗೇ ಕೊಟ್ಟಳು. "ಬುತ್ತಿ ಮಾತ್ರ ಹೊರಗ ಬಿಚ್ಚರಿ" ಎಂದಳು.

ಅವಳು ಕ್ಷಮಿಸಿದಳು, ನಿಜ. ನೀರು ಹಾಕಿದ್ದಕ್ಕೆ ನನ್ನನ್ನು ನಾನೂ ಕ್ಷಮಿಸಿಕೊಂಡಿದ್ದೇನೆ. ಆದರೆ ಆ ಹದಿನೈದು ದಿನ ತಪ್ಪಿಲ್ಲದ ಕೈಗಳನ್ನು ಅವಳು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳಲ್ಲ, ಅದು ಇಂದಿಗೂ ಊಟಕ್ಕೆ ಕೂತಾಗ ಕಣ್ಣಿಗೆ ಕಟ್ಟುತ್ತದೆ.