ಇದ್ದಿಲು ಬಸ್ಸಿನಿಂದ ಇಳಿಯದ ಅಜ್ಜಿ

ನಿನ್ನೆ ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಜೋಳ ಸುಡುವವಳ ಒಲೆಯಿಂದ ಇದ್ದಿಲಿನ ಘಾಟು ಬಂತು. ನನ್ನ ಮೂಗಿಗೆ ಅದು ಜೋಳದ ವಾಸನೆಯಲ್ಲ, ಬಸ್ಸಿನ ವಾಸನೆ.

ಎರಡನೇ ಮಹಾಯುದ್ಧದ ಕಾಲದಲ್ಲಿ, ನಾನು ಚಿಕ್ಕವಳಿದ್ದಾಗ, ಪೆಟ್ರೋಲು ಸಿಗದೆ ನಮ್ಮ ಮಳವಳ್ಳಿಯ ಬಸ್ಸು ಇದ್ದಿಲಿನಿಂದ ಓಡುತ್ತಿತ್ತು. ಹಿಂದುಗಡೆ ಹಂಡೆಯಂಥ ಒಲೆ. ಕಂಡಕ್ಟರು ಹಿಡಿ ತಿರುಗಿಸಿ ಗಾಳಿ ಹಾಕಿ ಬೆಂಕಿ ಎಬ್ಬಿಸಬೇಕು. ದಿಬ್ಬ ಬಂದರೆ ಅದಕ್ಕೆ ಉಸಿರು ಸಾಲದು, ಎಲ್ಲರೂ ಇಳಿದು ತಳ್ಳುವುದು ವಾಡಿಕೆ. ನನ್ನಜ್ಜಿ ಮಾತ್ರ ಇಳಿಯುತ್ತಿರಲಿಲ್ಲ.

ಅತ್ತೆಯ ಮಗುವಿನ ನಾಮಕರಣಕ್ಕೆ ಮಂಡ್ಯಕ್ಕೆ ಹೊರಟ ದಿನವೂ ಅಷ್ಟೇ. ಮದ್ದೂರಿನಲ್ಲಿ ರೈಲು ಹಿಡಿಯಬೇಕಿತ್ತು.

"ಇಳ್ಯಮ್ಮಿ, ರೈಲು ತಪ್ಪೋಯ್ತದೆ" ಅಂದರು ತಾತ.

"ನಡ್ಯಂಗಿದ್ರೆ ಮನೆಯಿಂದ್ಲೇ ನಡ್ಕಂಡ್ ಬತ್ತಿದ್ದೆ. ಕಾಸು ಕೊಟ್ಟಿರಾದು ಕೂರಕ್ಕೆ" ಅಂದಳು ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತ. ಅವಳನ್ನೂ ಅವಳ ತೊಡೆಯ ಮೇಲಿದ್ದ ಬೆಲ್ಲದ ಗಂಟನ್ನೂ ಸೇರಿಸಿಯೇ ಬಸ್ಸನ್ನು ತಳ್ಳಿದರು.

ನಾವು ಸ್ಟೇಷನ್ನು ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ತಾತ ಬೆವರು ಒರೆಸಿಕೊಂಡು ಅಜ್ಜಿಯ ಮುಖ ನೋಡಿದರು.

"ಇಳ್ದು ತಳ್ದೋರ್ಗೂ ಸಿಕ್ನಿಲ್ವಲ್ಲ" ಅಂದು ಅವಳು ಪ್ಲಾಟ್‌ಫಾರಮ್ಮಿನ ಮೇಲೆ ಸೆರಗು ಹಾಸಿ ಮಲಗಿದಳು. ನಾವು ತಲುಪುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು, ಊಟವೂ ಮುಗಿದಿತ್ತು.

ನಿನ್ನೆ ನಾನು ಹತ್ತಿದ ಬಸ್ಸೂ ಊರು ದಾಟುವ ಮೊದಲೇ ಕೆಟ್ಟು ನಿಂತಿತು. ಎಲ್ಲರೂ ಇಳಿಯಿರಿ ಅಂದ ಕಂಡಕ್ಟರು. ಅಜ್ಜಿಯ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಸುಮ್ಮನೆ ಇಳಿದೆ.